ಏಣಿ ಸರಪಳಿ, ಬಲೆ ಸರಪಳಿ

ಜೂನ್ 14

ಈ ಮನೆಯಲ್ಲಿ ಇನ್ನು ಮುಂದೆ ಊಟದ ಮೇಜಿನ ಬಳಿ ಬೈಯುವಂತಿಲ್ಲವಂತೆ. ಮನೆ ನನ್ನದು, ಮೇಜು ನನ್ನದು, ಬೈಸಿಕೊಳ್ಳಬೇಕಾದ ಜಗತ್ತು ಹೊರಗೆ ಹಾಗೇ ಇದೆ, ಆದರೂ ಕಾನೂನು ಬಂದಿದೆ. ತಂದವಳು ನನ್ನ ತಮ್ಮನ ಮಗಳು ನೈರಿ.

"ಬೈಯೋದಿದ್ರೆ ಎಲ್ಲಾದ್ರೂ ಬರ್ಕೋ ದೊಡ್ಡಪ್ಪ, ನನ್ನ ಸೂಪು ಆರಿಸ್ಬೇಡ" ಎಂದಳು.

ಆದ್ದರಿಂದ ಬರೆಯುತ್ತಿದ್ದೇನೆ. ಹದಿನಾಲ್ಕಕ್ಕೆ ಶಾಲೆ ಬಿಟ್ಟವನ ಬರಹ ಹೀಗೇ ಇರುತ್ತದೆ. ಓದುವವರು ಯಾರೂ ಇಲ್ಲ, ಇರಲೂಬಾರದು.

ಇವಳು ಇಷ್ಟು ವರ್ಷ ಆಕ್ಲೆಂಡಿನಲ್ಲಿ ಸಿಟಿ ಬಸ್ಸು ಓಡಿಸಿಕೊಂಡಿದ್ದವಳು. ಏಪ್ರಿಲ್‌ನ ಶರತ್ಕಾಲದಲ್ಲಿ ನನ್ನ ತಮ್ಮ ಇವಳನ್ನು ಇಲ್ಲಿಗೆ ಕಳಿಸಿದ, 'ಸಹಾಯಕ್ಕೆ'. ತಮ್ಮನ ಭಾಷೆಯಲ್ಲಿ ಸಹಾಯ ಎಂದರೆ ಕಾವಲು. ಅದೇ ವಾರ ನನ್ನ ಸಣ್ಣ ಬೂದು ಟ್ರ್ಯಾಕ್ಟರನ್ನು ಮಾರಿ, ಯಾರೋ ಬಳಸಿ ಬಿಟ್ಟ ಒಂದು ನೀಲಿ ದೈತ್ಯನನ್ನು ತಂದು ನಿಲ್ಲಿಸಿದ. ಅದರ ಹಿಂಬದಿಯ ಟೈರು ನನ್ನ ಹೆಗಲೆತ್ತರ. ನನ್ನ ಹಳೆಯ ಹಿಮದ ಸರಪಳಿ ಅದಕ್ಕೆ ಸುತ್ತಿದರೆ ಅರ್ಧಕ್ಕೇ ಮುಗಿಯುತ್ತದೆ, ದಪ್ಪಗಿನವನಿಗೆ ಮದುವೆ ಕಾಲದ ಬೆಲ್ಟು ಕಟ್ಟಿದ ಹಾಗೆ.

ನ್ಯೂಜಿಲೆಂಡಿನ ಈ ದಕ್ಷಿಣದಲ್ಲಿ ಜೂನ್ ಎಂದರೆ ಚಳಿಗಾಲ, ಗಬ್ಬದ ಕುರಿಗಳೆಲ್ಲ ಮೇಲಿನ ದಿಣ್ಣೆಯಲ್ಲಿವೆ. ಹಿಮ ಬಿದ್ದರೆ ಅವುಗಳಿಗೆ ಹುಲ್ಲು ಒಯ್ಯಲು ಬೆಟ್ಟದ ಪಕ್ಕೆಯಲ್ಲಿ ಕೊರೆದ ಓರೆದಾರಿ ಒಂದೇ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ತೊರೆಗೆ ನೇರ ಇಳಿಜಾರು. ಗಾಲಿಗೆ ಸರಪಳಿ ಇಲ್ಲದಿದ್ದರೆ ಟ್ರ್ಯಾಕ್ಟರು ತೊರೆಗೆ, ಕುರಿ ಹದ್ದಿಗೆ. ಹೊಸ ಸರಪಳಿ ಬೇಕೇ ಬೇಕು.

"ಬಲೆ ಥರದ್ದು ತಗೋ. ಏಣಿ ಥರದ್ದು ಈ ಟೈರಿಗಾಗಲ್ಲ, ಇದರ ಉಬ್ಬು ಹಲ್ಲಿನ ಸಂದಿಗೆ ಬಿದ್ಬಿಡುತ್ತೆ" ಎಂದಳು ನೈರಿ.

"ನಿಂಗ್ಯಾರು ಹೇಳಿದ್ರು?"

"ನೋಡಿದ್ರೇ ಗೊತ್ತಾಗುತ್ತಲ್ಲ."

"ಆಕ್ಲೆಂಡಲ್ಲಿ ಬಸ್ಸಿಗೆ ಸರಪಳಿ ಕಟ್ಕೊಂಡು ಓಡಿಸ್ತಿದ್ಯಾ?"

"ಇಲ್ಲ. ಆದ್ರೆ ಕಣ್ಣು ಕಟ್ಕೊಂಡೂ ಓಡಿಸ್ತಿರ್ಲಿಲ್ಲ."

ಬೈಯುವಂತಿಲ್ಲ. ಚೀಸ್ ರೋಲು ತಿಂದು ಎದ್ದೆ.

ಜೂನ್ 17

ಪೇಟೆಗೆ ಹೋಗಿ ಸರಪಳಿ ತಂದೆ. ಏಣಿಯದು.

ಅಂಗಡಿಯವನು ಎರಡನ್ನೂ ನೆಲದ ಮೇಲೆ ಹರಡಿ ಪ್ರವಚನ ಶುರು ಮಾಡಿದ. ಏಣಿ ಸರಪಳಿ ಎಂದರೆ ಎರಡು ಉದ್ದ ಸರಪಳಿ, ನಡುವೆ ಮೆಟ್ಟಿಲಿನಂತೆ ಅಡ್ಡ ತುಂಡುಗಳು. ಬಲೆಯದು ಮೀನು ಬಲೆಯ ಹಾಗೆ, ಎಲ್ಲ ಕಡೆ ಹೆಣೆದಿರುತ್ತದೆ. "ಬಲೆ ಆದ್ರೆ ಪಕ್ಕಕ್ಕೆ ಜಾರೋದನ್ನೂ ಹಿಡಿಯುತ್ತೆ ಮಿಸ್ಟರ್ ಗನ್, ಓರೆ ಜಾಗಕ್ಕೆ ಅದೇ ಬೇಕು" ಎಂದ. ಇವನು ಓರೆ ಜಾಗ ನೋಡಿದ್ದು ಅಂಗಡಿಯ ಮೆಟ್ಟಿಲಲ್ಲಿ.

ಆದರೂ ನ್ಯಾಯ ನ್ಯಾಯವೇ ಎಂದು ಬಲೆಯದನ್ನು ಎತ್ತಿ ನೋಡಿದೆ. ಸರಿಯಾಗಿ ಮಡಿಸಿರಲಿಲ್ಲ. ನೆಲಕ್ಕೆ ಅಂಟಿಕೊಂಡ ಹಾಗಿತ್ತು. ಎರಡನೆಯ ಸಲ ಎತ್ತಲು ಹೋಗಲಿಲ್ಲ, ಅಗತ್ಯ ಕಾಣಲಿಲ್ಲ. ಏಣಿಯದು ಒಬ್ಬನೇ ಹೆಗಲಿಗೆ ಹಾಕಿಕೊಂಡು ಹೊರಬರುವಂಥದ್ದು. ಗಂಡಸಿನ ಸಾಮಾನು ಹಾಗಿರಬೇಕು. ಮೂವತ್ತು ವರ್ಷ ನಾನು ಏಣಿ ಕಟ್ಟಿಯೇ ಆ ಓರೆದಾರಿಯಲ್ಲಿ ಓಡಿಸಿದ್ದೇನೆ, ಒಂದು ಗೇಣು ಜಾರಿಲ್ಲ.

ಬಸ್ಸಿನವಳು ಸರಪಳಿಯನ್ನು ನೋಡಿದಳು, ನನ್ನನ್ನು ನೋಡಿದಳು, ಕೆಟಲ್ ಒಲೆಗಿಟ್ಟಳು. ಮಾತನಾಡದೆ ಬೈಯುವುದಕ್ಕೆ ಕಾನೂನು ಇಲ್ಲವೆಂದು ಕಾಣುತ್ತದೆ.

ಜೂನ್ 18

ಸರಪಳಿ ಕಟ್ಟಿದ್ದಾಯಿತು. ನೆಲದ ಮೇಲೆ ಹಾಸು, ಗಾಲಿ ಅದರ ಮೇಲೆ ಹತ್ತಿಸು, ಟೈರಿನ ಮೇಲಿಂದ ಎಳೆದು ಸುತ್ತು, ಮೊದಲು ಒಳಬದಿಯ ಕೊಕ್ಕೆ, ಆಮೇಲೆ ಹೊರಬದಿಯದು. ಒಳಬದಿಯ ಕೊಕ್ಕೆ ಹಾಕಲು ಗಟ್ಟಿಯಾದ ಕುರಿ ಹಿಕ್ಕೆಯ ಮೇಲೆ ಅಂಗಾತ ಮಲಗಬೇಕು. ಅದನ್ನು ಬಸ್ಸಿನವಳಿಗೆ ಬಿಟ್ಟೆ. ಅವಳ ಕೈ ಸಣ್ಣದು, ಅಷ್ಟೇ ಕಾರಣ.

ಕೆಳಗಿನಿಂದಲೇ ಕೂಗಿದಳು: "ದೊಡ್ಡಪ್ಪ, ಅಡ್ಡ ತುಂಡು ಬಹುಪಾಲು ಸಂದಿಗೆ ಇಳ್ದಿವೆ. ಅಲ್ಲೊಂದು ಇಲ್ಲೊಂದು ಕೊಂಡಿ ಬಿಟ್ರೆ ಟೈರಿನ ಹಲ್ಲೇ ನೆಲಕ್ಕೆ ತಾಕ್ತಿದೆ, ಸರಪಳಿ ಅಲ್ಲ."

"ಓಡಿದ್ರೆ ಮೇಲೆ ಬರುತ್ತೆ."

"ಯಾಕೆ, ಉಸಿರು ತಗೊಳಕ್ಕಾ?"

ಅಂಗಳದಲ್ಲಿ ನಾಲ್ಕು ಸುತ್ತು ಹೊಡೆದೆ. ಸದ್ದು ಬಹಳ ಚೆನ್ನಾಗಿತ್ತು.

ಜೂನ್ 30

ಬರೆಯುವಂಥದ್ದೇನೂ ಇರಲಿಲ್ಲ. ಹಿಮವಿಲ್ಲದ ಒಣ ಚಳಿ. ಹಲ್ಲು ಕಟ್ಟನ್ನು ಲೋಟದಲ್ಲಿ ಹೆಪ್ಪುಗಟ್ಟಿದ ನೀರಿನಿಂದ ಚಾಕುವಿನಲ್ಲಿ ಬಿಡಿಸಿಕೊಳ್ಳಬೇಕಾಯಿತು.

ಇಂದು ಸುದ್ದಿ ಬಂತು. ಮಿಲ್ ಕೆರೆ ಪೂರ್ತಿ ಹೆಪ್ಪುಗಟ್ಟಿದೆ, ಶನಿವಾರ ಕಲ್ಲಾಟವಂತೆ. ಮಂಜುಗಡ್ಡೆಯ ಮೇಲೆ ಹಿಡಿಕೆಯ ಕಲ್ಲನ್ನು ಜಾರಿಸುವುದು, ಮುಂದೆ ಇಬ್ಬರು ಪೊರಕೆಯಿಂದ ಗುಡಿಸುತ್ತ ಓಡುವುದು. ಮನೆಯಲ್ಲಿ ಎಂದೂ ಪೊರಕೆ ಮುಟ್ಟದ ಗಂಡಸರೆಲ್ಲ ಅಂದು ಬೆವರುತ್ತ ಗುಡಿಸುತ್ತಾರೆ. ಕೆರೆ ಇಷ್ಟು ದಪ್ಪ ಗಟ್ಟಿಯಾಗಿ ಒಂಬತ್ತು ವರ್ಷವಾಗಿತ್ತು. ಕರೆ ಬಂದರೆ ಈ ಬಯಲಿನಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ಸಾಯುವವರು ಕೂಡ ಭಾನುವಾರದವರೆಗೆ ತಡೆಯುತ್ತಾರೆ.

ಇದರ ಯಜಮಾನಿಕೆ ಹೆಕ್ಟರ್ ಲೈಡ್ಲಾನದು. ತೊರೆಯ ಕೆಳಗಿನ ಹೊಲ ಅವನದೇ. ಒಂಬತ್ತು ವರ್ಷದಿಂದ ನಮಗೆ ಮಾತಿಲ್ಲ. ಹಿಂದಿನ ಆಟದಲ್ಲಿ ನನ್ನ ಪೊರಕೆ ಕಲ್ಲಿಗೆ ತಾಕಿತು, ಅದು ಮೋಸದಾಟ ಎಂದು ಎಲ್ಲರ ಮುಂದೆ ಹೇಳಿದ. ತಾಕಿರಲಿಲ್ಲ. ತಾಕಿದ್ದರೂ ಕಲ್ಲಿಗೆ ತಿಳಿಯುವಷ್ಟಲ್ಲ.

ಜುಲೈ 3

ಬೆಳಗ್ಗೆ ಕೆರೆಯ ಮೇಲೆ ಬೆರಳುದ್ದ ಹಿಮ ಬಿದ್ದಿತ್ತು. ನಾಳೆಯೇ ಆಟ. ಗಂಡಸರೆಲ್ಲ ಸಲಿಕೆ ಹಿಡಿದು ಮೂಲೆಯಿಂದ ಶುರು ಮಾಡಿದ್ದರು. ಹೆಕ್ಟರ್ ದಡದಲ್ಲಿ ನಿಂತು ಉಸ್ತುವಾರಿ ಮಾಡುತ್ತಿದ್ದ. ಉಸ್ತುವಾರಿಗೆ ಹುಟ್ಟಿದವನು.

ನನಗೆ ಒಳ್ಳೆಯ ಯೋಚನೆ ಹೊಳೆಯಿತು. ಟ್ರ್ಯಾಕ್ಟರಿನ ಮುಂದೆ ಹಿಮ ತಳ್ಳುವ ಹಲಗೆ ಇದೆ, ಗಾಲಿಗೆ ಹೊಸ ಸರಪಳಿ ಇದೆ. ಕೆರೆಯ ಆಳ ಮೊಣಕಾಲುದ್ದ, ಅರ್ಧ ಅದಾಗಲೇ ಕಲ್ಲಾಗಿದೆ. ಎಲ್ಲರ ಅರ್ಧ ದಿನದ ಕೆಲಸ ನಾನು ಒಂದು ಪೈಪು ಸೇದುವಷ್ಟರಲ್ಲಿ ಮುಗಿಸಬಹುದು. ಏಣಿ ಸರಪಳಿ ಹಿಡಿಯುವುದಿಲ್ಲ ಎನ್ನುವವರು ಬಂದು ನೋಡಲಿ.

ಹಿಡಿಯಿತು. ಸಪಾಟು ಮಂಜುಗಡ್ಡೆಯ ಮೇಲೆ ಏನು ಹಿಡಿತ. ಆ ತುದಿಯಿಂದ ಈ ತುದಿಗೆ ಹಿಮವನ್ನು ಹಾಲಿನ ಕೆನೆಯಂತೆ ತೆಗೆದೆ. ದಡದಲ್ಲಿ ಹೆಕ್ಟರ್ ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದ. ಒಂಬತ್ತು ವರ್ಷದ ಮೇಲೆ ಕೊನೆಗೂ ಬುದ್ಧಿ ಬಂತು ಎಂದುಕೊಂಡು ನಾನೂ ಟೋಪಿ ಎತ್ತಿ ತೋರಿಸಿದೆ. ಅವನು ಇನ್ನೂ ಜೋರಾಗಿ ಬೀಸಿದ. ನಾನು ಇನ್ನೊಂದು ಸಾಲು ಹೊಡೆದೆ.

ಇಳಿದು ಹಿಂದಿರುಗಿ ನೋಡಿದಾಗ ಕೆರೆ ಉತ್ತ ಹೊಲದ ಹಾಗಿತ್ತು. ಸರಪಳಿಯ ಕಬ್ಬಿಣ ಗೀರಿದ ಗೀರುಗಳಲ್ಲಿ ಆಲೂಗಡ್ಡೆ ನೆಡಬಹುದಿತ್ತು.

ಎಲ್ಲರೂ ಸಲಿಕೆ ಕೆಳಗಿಟ್ಟರು. ಹೆಕ್ಟರ್ ಮಾತ್ರ ಹತ್ತಿರ ಬಂದು, "ಬಿತ್ತನೆ ಯಾವಾಗ, ಮರ್ಡೊ?" ಎಂದ.

ಜುಲೈ 4

ಮನೆಯಲ್ಲೇ ಇದ್ದೆ.

ಜುಲೈ 7

ಮೂರು ದಿನದಿಂದ ಇಡೀ ಬಯಲಿನವರು ಬಕೆಟ್ಟಿನಲ್ಲಿ ಬಿಸಿನೀರು ಹೊತ್ತು ಗೀರುಗಳಿಗೆ ಸುರಿದು ಹೆಪ್ಪುಗಟ್ಟಲು ಬಿಡುತ್ತಿದ್ದಾರೆ. ಆಟ ಮುಂದಿನ ಶನಿವಾರಕ್ಕೆ ಹೋಯಿತು. ಬಸ್ಸಿನವಳೂ ಹೋಗಿ ಬಕೆಟ್ಟು ಹೊರುತ್ತಿದ್ದಾಳೆ. ಯಾರ ಪರವಾಗಿ ಎಂದು ನಾನು ಕೇಳಲಿಲ್ಲ. ಸಂಜೆ ಬಂದಾಗ ಅವಳ ಕೈಗವಸು ಮರದಂತಾಗಿತ್ತು. ಒಲೆಯ ಹತ್ತಿರದ ಕುರ್ಚಿ ಬಿಟ್ಟುಕೊಟ್ಟೆ. ಅಲ್ಲಿ ಹೇಗೂ ಹೊಗೆ ಬರುತ್ತದೆ.

ಜುಲೈ 10

ಆಕಾಶ ಸೀಸದ ಬಣ್ಣ. ಹಿಮ ಬಂತು. ಬೆರಳುದ್ದವಲ್ಲ, ಬೇಲಿಯ ಕಂಬಗಳು ಕಾಣದಷ್ಟು. ಕಲ್ಲಾಟ ರದ್ದಾಯಿತೆಂದು ರೇಡಿಯೋದಲ್ಲಿ ಹೇಳಿದರು. ಹೋದ ಶನಿವಾರವೇ ಆಡಿದ್ದರೆ ಆಡಿಯೇ ಆಗಿರುತ್ತಿತ್ತು. ಇದನ್ನು ಬಯಲಿನಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಹೇಳುತ್ತಿರುತ್ತಾರೆ, ನನಗೆ ಇಲ್ಲಿಂದಲೇ ಕೇಳಿಸುತ್ತದೆ.

ಪೇಟೆಯ ರಸ್ತೆ ಮುಚ್ಚಿದೆ. ಕುರಿಗಳು ಮೇಲಿನ ದಿಣ್ಣೆಯಲ್ಲಿವೆ. ಕುರಿ ಎದೆಯುದ್ದದ ಹಿಮದಲ್ಲಿ ನಡೆಯುವುದಿಲ್ಲ. ನಿಂತಲ್ಲೇ ನಿಲ್ಲುತ್ತದೆ, ಹಸಿವಾದರೆ ಪಕ್ಕದ್ದರ ಉಣ್ಣೆ ಕಿತ್ತು ತಿನ್ನುತ್ತದೆ, ಆಮೇಲೆ ಮಲಗುತ್ತದೆ. ಮಲಗಿದ್ದು ಏಳುವುದಿಲ್ಲ. ಹೊಟ್ಟೆಯಲ್ಲಿ ಮರಿ ಬೇರೆ. ಹೆಚ್ಚೆಂದರೆ ನಾಲ್ಕೈದು ದಿನ ತಡೆದಾವು.

ಜುಲೈ 12

ಗಾಳಿ ನಿಂತಿತು. ಬಸ್ಸಿನವಳು ಏಳುವ ಮೊದಲೇ ಟ್ರ್ಯಾಕ್ಟರಿನ ಬೆನ್ನಿಗೆ ಹುಲ್ಲಿನ ಕಟ್ಟು ಹೇರಿಕೊಂಡು ಒಬ್ಬನೇ ಹೊರಟೆ. ಜತೆಗೊಬ್ಬರು ಕೂತು ಗಾಲಿಯನ್ನು ನೋಡುತ್ತಿದ್ದರೆ ನನಗೆ ಓಡಿಸಲಾಗುವುದಿಲ್ಲ.

ಸಪಾಟಿನಲ್ಲಿ ಚೆನ್ನಾಗಿಯೇ ಹೋಯಿತು. ಓರೆದಾರಿ ಹತ್ತಿದ ಮೇಲೆ ಹಿಂದಿನ ಗಾಲಿಗಳು ತಮ್ಮದೇ ವಿಚಾರ ಮಾಡತೊಡಗಿದವು. ಮುಂದಿನವು ಬೆಟ್ಟದ ಕಡೆಗೆ, ಹಿಂದಿನವು ತೊರೆಯ ಕಡೆಗೆ. ಬ್ರೇಕು ಒತ್ತಿದೆ. ಬ್ರೇಕು ಒತ್ತಿದ್ದು ಟ್ರ್ಯಾಕ್ಟರಿಗೆ ತಿಳಿಯಲಿಲ್ಲ. ಪಕ್ಕಕ್ಕೆ ಜಾರುತ್ತ ಹೋಗಿ ಒಂದು ಮಟಗೌರಿ ಮುಳ್ಳುಪೊದೆಗೆ ಒರಗಿ ನಿಂತಿತು. ಆ ಪೊದೆಯನ್ನು ಕಡಿಯಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಳ್ಳುತ್ತಿದ್ದೆ.

ಹಾಗೇ ಕೂತಿದ್ದೆ. ಎಷ್ಟು ಹೊತ್ತೋ ತಿಳಿಯದು. ಕೆಳಗೆ ತೊರೆಯ ಸದ್ದು ಕೇಳಿಸುತ್ತಿತ್ತು. ಗಾಲಿಗುರುತು ಹಿಡಿದು ನೈರಿ ಸಲಿಕೆಯೊಂದಿಗೆ ಬಂದಳು.

"ಏನ್ಮಾಡ್ತಿದ್ದೀಯ ಅಲ್ಲಿ?"

"ಯೋಚ್ನೆ ಮಾಡ್ತಿದ್ದೀನಿ."

"ಬೆಟ್ಟದ ಕಡೆಯಿಂದ ಇಳ್ದು ಮಾಡು."

ಕಾಲು ಮರಗಟ್ಟಿತ್ತು, ಚಳಿಗೆ. ಅವಳು ಕೋಟಿನ ಕಾಲರು ಹಿಡಿದು ಎಳೆದಳು, ಬಾವಿಯಿಂದ ಬೆಕ್ಕನ್ನು ಎತ್ತಿದ ಹಾಗೆ. ಆಮೇಲೆ ಹುಲ್ಲು ಕೆಡವಿದಳು. ಗಾಲಿಯ ಹಿಂದೆ ಮಣ್ಣು ಕಾಣುವವರೆಗೆ ಅಗೆದಳು. ಮನೆಗೆ ಹೋಗಿ ಒಲೆಯ ಬೂದಿ ತಂದು ಹರಡಿದಳು. ಕೊನೆಗೆ ಹತ್ತಿ ಕೂತು, ಕತ್ತು ಹಿಂದೆ ತಿರುಗಿಸಿ, ಆ ಇಕ್ಕಟ್ಟಿನಲ್ಲಿ ಗೇಣು ಗೇಣಾಗಿ ಹಿಂದಕ್ಕೆ ಓಡಿಸಿ ಸಪಾಟಿಗೆ ತಂದು ನಿಲ್ಲಿಸಿದಳು. ಹಿಂದಕ್ಕೆ ಓಡಿಸುವುದೇನು ದೊಡ್ಡ ಕೆಲಸವಲ್ಲ. ಬಸ್ಸಿನವರೆಲ್ಲ ಮಾಡುತ್ತಾರೆ.

ಸಂಜೆ ಬಟಾಣಿ ಸೂಪು ಕುಡಿಯುತ್ತ ಹೇಳಿದಳು: "ಪೇಟೆ ರಸ್ತೆ ಇಲ್ಲ. ಈ ಅಳತೆಯ ಬಲೆ ಸರಪಳಿ ಇರೋದು ಹೆಕ್ಟರ್ ಹತ್ರ. ಅವನ ದೊಡ್ಡ ಟ್ರ್ಯಾಕ್ಟರು ಗೇರ್‌ಬಾಕ್ಸು ಬಿಚ್ಚಿ ಶೆಡ್ಡಲ್ಲಿ ಬಿದ್ದಿದೆ. ಸರಪಳಿ ಸುಮ್ನೆ ನೇತಾಡ್ತಿದೆ."

"ನಿಂಗೆ ಹೇಗ್ ಗೊತ್ತು?"

"ನಾಲ್ಕು ದಿನ ಅವನ ಜತೆ ಬಕೆಟ್ಟು ಹೊತ್ತಿದ್ದೀನಿ."

"ನಾನು ಕೇಳಲ್ಲ."

"ನೀನ್ ಕೇಳು ಅಂತ ಯಾರಂದ್ರು? ಫೋನು ಎಲ್ಲಿದೆ ಅಂತ ನಂಗೂ ಗೊತ್ತು."

"ಬೇಡ ಅಂದೆ."

"ಸರಿ. ಹಾಗಾದ್ರೆ ನಾಳೆ ಮೇಲೆ ಹೋಗಿ ಕುರಿಗಳಿಗೆ ನೀನೇ ಹೇಳ್ಬಾ, ಪೊರಕೆ ಕಲ್ಲಿಗೆ ತಾಕಿರ್ಲಿಲ್ಲ ಅಂತ."

ನಾನು ಎದ್ದು ನಾಯಿಗೆ ಅನ್ನ ಹಾಕಲು ಹೋದೆ. ನಾಯಿ ಆಗಲೇ ಉಂಡಿತ್ತು. ಅವಳು ಫೋನು ಮಾಡಿ ಮುಗಿಸುವವರೆಗೆ ಅಲ್ಲೇ ನಿಂತಿದ್ದೆ.

ಜುಲೈ 13

ಹೆಕ್ಟರ್ ತಾನೇ ಬಂದ. ನಾಲ್ಕು ಗಾಲಿಯ ಬೈಕಿನ ಹಿಂದೆ ಚಾವಣಿಯ ತಗಡು ಕಟ್ಟಿ, ಅದರ ಮೇಲೆ ಸರಪಳಿ ರಾಶಿ ಹಾಕಿ ಎಳೆದುಕೊಂಡು. ಇಳಿದವನೇ ನೀಲಿ ಟ್ರ್ಯಾಕ್ಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಸಂದಿಯಲ್ಲಿ ಹೂತುಕೊಂಡಿದ್ದ ನನ್ನ ಏಣಿಯನ್ನು ಬೂಟಿನ ತುದಿಯಿಂದ ಮುಟ್ಟಿದ.

"ಹಲ್ಲಿನ ಸಂದಿಗೆ ಸಿಕ್ಕಿದ ಮಾಂಸದ ಹಾಗಿದೆಯಲ್ಲೋ" ಎಂದ.

"ಮೂವತ್ತು ವರ್ಷ ಏಣಿ ಕಟ್ಟಿ ಓಡಿಸಿದ್ದೀನಿ ಅಲ್ಲಿ."

"ಓಡ್ಸಿದೀಯ, ನಿಜ. ಆ ಬೂದು ಟ್ರ್ಯಾಕ್ಟರಿನ ಟೈರು ನಿನ್ ತಲೆಗಿಂತ ಬೋಳಾಗಿತ್ತು ಕಣೋ. ಸರಪಳಿ ಬೀಳೋಕೆ ಸಂದಿ ಎಲ್ಲಿತ್ತು ಅದ್ರಲ್ಲಿ? ಅದಕ್ಕೆ ನಿನ್ ಚಡ್ಡಿ ಲಾಡಿ ಕಟ್ಟಿದ್ರೂ ಹಿಡ್ಕೋತಿತ್ತು."

ನೈರಿ ಟ್ರ್ಯಾಕ್ಟರಿನ ಆ ಕಡೆಗೆ ಹೋದಳು. ಏನೋ ಹುಡುಕುವವಳಂತೆ ಬಗ್ಗಿದ್ದಳು, ಹೆಗಲು ಕುಲುಕುತ್ತಿತ್ತು.

ಬೋಳಾಗಿತ್ತು ಎನ್ನುವುದು ಉತ್ಪ್ರೇಕ್ಷೆ. ಸ್ವಲ್ಪ ಸವೆದಿತ್ತು.

ಬಲೆ ಸರಪಳಿ ಎತ್ತುವ ಹೊತ್ತು ಬಂತು. ಹೆಕ್ಟರ್ ಒಂದು ತುದಿ ಹಿಡಿದ, ನಾನೊಂದು. ಅವನು ನನಗಿಂತ ಎರಡು ವರ್ಷ ದೊಡ್ಡವನು. ಅರ್ಧ ಎತ್ತಿ ಅವನು ನಿಂತ. ನಾನೂ ನಿಂತೆ, ಅವನಿಗಾಗಿ. ಇಬ್ಬರೂ ಸರಪಳಿ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತ ಹಬೆ ಬಿಡುತ್ತಿದ್ದೆವು.

"ನಿಂಗೆ ಭಾರ ಆಯ್ತಾ?" ಎಂದ.

"ಇಲ್ಲ. ನಿಂಗೆ?"

"ಎಲ್ಲಿ ಭಾರ."

"ಇಳ್ಸಿ ಇಬ್ರೂ, ಯಾರಾದ್ರೂ ಒಬ್ರು ಸತ್ತೋಗ್ತೀರ" ಎಂದಳು ನೈರಿ. ಅವಳು ಅದನ್ನು ನೆಲದಲ್ಲೇ ಹರಡಿ, ಟ್ರ್ಯಾಕ್ಟರನ್ನು ಅದರ ಮೇಲೆ ಹತ್ತಿಸಿ, ತುದಿಗೆ ಹಗ್ಗ ಕಟ್ಟಿ ಟೈರಿನ ಮೇಲಿಂದ ಎಳೆದಳು. ನಾವಿಬ್ಬರೂ ಹಗ್ಗ ಹಿಡಿದೆವು. ಬಲೆ ಹಲ್ಲುಗಳ ಮೇಲೆ ಕೂತಿತು. ಒಂದು ಕೊಂಡಿಯೂ ಸಂದಿಗೆ ಇಳಿಯಲಿಲ್ಲ. ಸ್ವಲ್ಪ ದೂರ ಓಡಿಸಿ, ಸಡಿಲವಾದದ್ದನ್ನು ಮತ್ತೆ ಬಿಗಿದಳು. ನಾನೂ ಅದನ್ನೇ ಹೇಳುವವನಿದ್ದೆ.

ಹೆಕ್ಟರ್ ಚಹಾ ಕುಡಿಯಲು ಒಳಗೆ ಬಂದ. ಒಂಬತ್ತು ವರ್ಷದ ಮೇಲೆ ಅದೇ ಕುರ್ಚಿಯಲ್ಲಿ ಕೂತ. ಕೇಳಲೇಬೇಕಾಯಿತು.

"ಕೆರೆ ಹಾಳ್ಮಾಡ್ದೋನಿಗೆ ಯಾಕೆ ಕೊಟ್ಟೆ?"

"ನಿಂಗೆಲ್ಲಿ ಕೊಟ್ಟೆ? ಕುರಿಗಳಿಗೆ ಕೊಟ್ಟೆ. ಅವೇನೂ ಐಸು ಕೆರ್ದಿಲ್ಲವಲ್ಲ."

ಬಿಸ್ಕತ್ತಿನ ಡಬ್ಬಿಯನ್ನು ಅವನ ಕಡೆ ತಳ್ಳಿದೆ. ಹಾಳಾದವನು ಖಾಲಿ ಮಾಡಿಯೇ ಎದ್ದ.

ಜುಲೈ 14

ಚಳಿಗೆ ಬೆರಳು ಇನ್ನೂ ಮಡಿಸಲಾಗುತ್ತಿಲ್ಲ, ಆದರೂ ಬರೆಯುತ್ತೇನೆ.

ಬೆಳಗ್ಗೆ ನಾನು ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ನೈರಿ ಬೇಡ ಎನ್ನಲಿಲ್ಲ. "ದೊಡ್ಡಪ್ಪ, ದಾರಿ ಎಲ್ಲಿದೆ?" ಎಂದಷ್ಟೇ ಕೇಳಿದಳು.

ನೋಡಿದೆ. ದಾರಿ ಎಲ್ಲಿಯೂ ಇರಲಿಲ್ಲ. ರಾತ್ರಿ ಮತ್ತೆ ಎದ್ದ ಗಾಳಿ ಹಿಮವನ್ನು ಹೊತ್ತು ಓರೆದಾರಿಯನ್ನು ಬೆಟ್ಟಕ್ಕೆ ಸಮ ಮಾಡಿ ಮುಚ್ಚಿತ್ತು. ಎಲ್ಲ ಒಂದೇ ಬಿಳಿ ಗೋಡೆ. ಅದರೊಳಗೆ ಎಲ್ಲೋ ಒಂದು ಟ್ರ್ಯಾಕ್ಟರಿನಗಲದ ಮಣ್ಣು, ಅದರ ಅಂಚಿನಾಚೆ ಏನೂ ಇಲ್ಲ. ಸರಪಳಿ ಎಂಥದ್ದಾದರೂ ಗಾಳಿಯನ್ನು ಹಿಡಿಯುವುದಿಲ್ಲ.

"ನಂಗೆ ಗೊತ್ತಿಲ್ಲ, ನಿಂಗೆ ಗೊತ್ತು" ಎಂದಳು. "ಇಬ್ರೂ ಮೇಲೆ ಕೂತ್ರೆ ಯಾರಿಗೂ ಗೊತ್ತಾಗಲ್ಲ."

ಕಾಲು ಕೆಳಗಿಳಿಸಿದೆ. ಉದ್ದ ಕೋಲು ತೆಗೆದುಕೊಂಡು ಮುಂದೆ ನಡೆದೆ. ಕೋಲು ಚುಚ್ಚು, ಗಟ್ಟಿ ನೆಲ ಸಿಕ್ಕಿದರೆ ಒಂದು ಹೆಜ್ಜೆ. ಹೊರಗಿನ ಅಂಚು ಸಿಗುವವರೆಗೆ ಚುಚ್ಚು, ಸಿಕ್ಕಲ್ಲಿ ಒಂದು ಕಡ್ಡಿ ನೆಡು. ಈ ದಾರಿಯನ್ನು ಕೊರೆದದ್ದು ನಾನೂ ನನ್ನ ತಮ್ಮನೂ. ಎಲ್ಲಿ ಬಂಡೆ ಸಿಕ್ಕಿ ಒಳಕ್ಕೆ ತಿರುಗಿಸಿದೆವು, ಎಲ್ಲಿ ಅವನು ಸೋಮಾರಿತನಕ್ಕೆ ಅಗಲ ಕಡಿಮೆ ಮಾಡಿದ ಎಂಬುದು ಕಾಲಿಗೆ ನೆನಪಿದೆ. ಸೊಂಟದವರೆಗೆ ಹಿಮ. ನನ್ನ ಹಿಂದೆ ನೈರಿ, ಗಾಲಿಯನ್ನು ನನ್ನ ಹೆಜ್ಜೆಯ ಮೇಲೇ ಇಡುತ್ತ ಬಂದಳು. ಮೊನ್ನೆ ಜಾರಿದ ಜಾಗದಲ್ಲಿ ನಿಂತು ತಿರುಗಿ ನೋಡಿದೆ. ಹಿಂದಿನ ಗಾಲಿ ಒಮ್ಮೆ ಪಕ್ಕಕ್ಕೆ ತುಯ್ದಿತು. ಬಲೆ ಕಚ್ಚಿತು. ನಿಂತಿತು. ಮುಂದೆ ಬಂತು. ಅವಳ ಮುಖ ಹಿಟ್ಟಿನ ಹಾಗೆ ಬಿಳಿಚಿತ್ತು, ಕೈ ಮಾತ್ರ ಸ್ಟಿಯರಿಂಗಿನ ಮೇಲೆ ಅಲುಗದೆ ಇತ್ತು.

ಮಧ್ಯಾಹ್ನಕ್ಕೆ ದಿಣ್ಣೆ ಹತ್ತಿದೆವು. ಕುರಿಗಳು ಬಂಡೆಯ ಮರೆಯಲ್ಲಿ ಗುಂಪಾಗಿ ನಿಂತಿದ್ದವು, ಒಂದರ ಬೆನ್ನಿನ ಉಣ್ಣೆ ಇನ್ನೊಂದರ ಬಾಯಲ್ಲಿ. ಕೆಲವು ಮಲಗಿಬಿಟ್ಟಿದ್ದವು. ಅವು ಏಳಲಿಲ್ಲ. ಉಳಿದವು ಹುಲ್ಲು ಕಂಡು ಮೊದಲು ನಂಬಲಿಲ್ಲ. ಕುರಿಗೆ ಒಳ್ಳೆಯದನ್ನು ನಂಬಲು ಹೊತ್ತು ಬೇಕು. ಆಮೇಲೆ ಒಂದು ಬಂತು, ಎಲ್ಲ ಬಂದವು. ತಿನ್ನುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ನೈರಿ ಹುಲ್ಲಿನ ಕಟ್ಟಿನ ಮೇಲೆ ಕೂತು ಅತ್ತಳು. ಕುರಿಗಾಗಿ ಅಳುವವರು ಈ ಕೆಲಸಕ್ಕೆ ಆಗುವುದಿಲ್ಲ ಎಂದೆ. "ನಿನ್ ಮೂಗು ಒರೆಸ್ಕೋ ದೊಡ್ಡಪ್ಪ" ಎಂದಳು. ಚಳಿಗೆ ಮೂಗು ಸೋರುತ್ತದೆ, ಎಲ್ಲರಿಗೂ.

ಜುಲೈ 15

ಹುಲ್ಲು ಒಯ್ದೆವು.

ಜುಲೈ 18

ಪೇಟೆಯ ರಸ್ತೆ ತೆರೆಯಿತು. ನೈರಿ ಹೋಗಿ ಒಂದು ಜೊತೆ ಬಲೆ ಸರಪಳಿ ತಂದಳು, ಹೆಕ್ಟರನದನ್ನು ವಾಪಸು ಕೊಟ್ಟಳು. ಏಣಿಯದನ್ನು ಏನು ಮಾಡುವುದೆಂದು ಕೇಳಿದಳು. ನಾಯಿಗೂಡಿನ ಹಿಂದೆ ಹಾಕು ಎಂದೆ. ಒಳ್ಳೆಯ ಸರಪಳಿ ಅದು, ಟೈರು ಸರಿಯಿಲ್ಲ ಅಷ್ಟೇ.

ಸೀಟನ್ನು ತನ್ನ ಕಾಲಿಗೆ ತಕ್ಕಂತೆ ಮುಂದೆ ಎಳೆದುಕೊಂಡಿದ್ದಾಳೆ. ಕನ್ನಡಿಯನ್ನೂ ತಿರುಗಿಸಿದ್ದಾಳೆ. ಕುರಿಗಳು ಈಗ ಅವಳ ಕೆಂಪು ಟೋಪಿ ಕಂಡರೆ ಕೂಗುತ್ತವೆ, ನನ್ನನ್ನು ಕಂಡರೆ ಕಂಬವನ್ನು ಕಂಡ ಹಾಗೆ ನೋಡುತ್ತವೆ. ಕುರಿಯ ಬುದ್ಧಿ ಅಷ್ಟೇ.

ಇಂದೂ ಮೇಲೆ ಹೋದೆವು. ಇಷ್ಟು ದಿನದ ಗಾಲಿಗುರುತಿನಿಂದ ದಾರಿ ಎರಡು ಕಪ್ಪು ಗೆರೆಯಾಗಿ ಕಾಣುತ್ತದೆ, ಕುರುಡನೂ ತಪ್ಪುವುದಿಲ್ಲ. ಆದರೂ ಕೋಲು ಹಿಡಿದು ಮುಂದೆ ನಡೆದೆ. ಯಾರಾದರೂ ನಡೆಯಬೇಕಲ್ಲ. ಅವಳು ಮೊದಲನೆಯ ಗೇರಿನಲ್ಲೇ ನನ್ನ ಬೆನ್ನ ಹಿಂದೆ ತುದಿಯವರೆಗೂ ಬಂದಳು. ನಾನು ನಿಂತು ಉಸಿರು ತೆಗೆದುಕೊಂಡಾಗಲೆಲ್ಲ ಅವಳೂ ನಿಂತಳು. ಅಷ್ಟು ನಿಧಾನಕ್ಕೆ ಓಡಿಸಿದರೆ ಡೀಸೆಲ್ಲು ದಂಡ ಎಂದು ಅವಳಿಗೆ ಒಂದು ದಿನ ಹೇಳಬೇಕು.